ನಿಲ್ಲಿಸಿದ ಜಾಗ

"ಈಗ ಪ್ಲಗ್ ಕಿತ್ತುಬಿಡಿ," ಎಂದ ವೆಂಡೆಲ್.

"ಗೋಡೆಯಿಂದಾನಾ?"

"ಮತ್ತೆ? ಹಿಮ ಜೋರಾಗಿ ಬಿದ್ರೆ ನಮ್ಮ ಕಡೆ ಕರೆಂಟ್ ಹೋಗುತ್ತೆ. ಆಗ ಇದಕ್ಕೆ ನೆನಪಿರುತ್ತೋ ಇಲ್ವೋ, ಅದು ಗೊತ್ತಾಗ್ಬೇಕು ನನಗೆ."

ಅಂಗಡಿಯ ಲೈಲ್ ನಿಟ್ಟುಸಿರು ಬಿಡಲಿಲ್ಲ. ಫರ್ಗಸ್ ಫಾಲ್ಸ್ ಎಂಬ ಈ ಊರಿನಲ್ಲಿ ಗಿರಾಕಿಯ ಮುಖದೆದುರು ಯಾರೂ ನಿಟ್ಟುಸಿರು ಬಿಡುವುದಿಲ್ಲ, ಗಿರಾಕಿ ಬೆನ್ನು ತಿರುಗಿಸುವ ತನಕ ತಡೆದುಕೊಳ್ಳುತ್ತಾರೆ. ಅವನು ಬಗ್ಗಿ, ಶೆಲ್ಫಿನ ಹಿಂದೆ ಕೈ ಹಾಕಿ ಪ್ಲಗ್ ಕಿತ್ತ. ಡಿವಿಡಿ ಪ್ಲೇಯರಿನ ಹಸಿರು ದೀಪ ಆರಿತು. ಇಬ್ಬರೂ ಕೈಕಟ್ಟಿಕೊಂಡು, ಕುಕ್ಕರ್ ಕೂಗುವುದನ್ನು ಕಾಯುವವರ ಹಾಗೆ ನಿಂತರು. ಆಮೇಲೆ ಲೈಲ್ ಮತ್ತೆ ಪ್ಲಗ್ ಚುಚ್ಚಿದ. ಟಿವಿಯ ನೀಲಿ ಪರದೆಯ ಮೇಲೆ ಅಕ್ಷರ ಮೂಡಿತು: ನಿಲ್ಲಿಸಿದ ಜಾಗದಿಂದ ಮುಂದುವರಿಸುವುದೇ?

"ಭಲೇ!" ಎಂದ ವೆಂಡೆಲ್. ತಿಂಗಳುಗಳಿಂದ ಅವನ ಬಾಯಿಂದ ಅಂಥ ಶಬ್ದ ಹೊರಟಿರಲಿಲ್ಲ.

ನಲವತ್ತು ವರ್ಷ ಊರಿನವರ ಮನೆ ಬೆಚ್ಚಗಿಡುವ ಫರ್ನೇಸುಗಳನ್ನು ರಿಪೇರಿ ಮಾಡಿದವನು ಅವನು. ಯಂತ್ರವೊಂದನ್ನು ಅಳೆದು ಸುರಿದು ನೋಡದೆ ಮನೆಯೊಳಗೆ ಬಿಟ್ಟುಕೊಂಡ ಇತಿಹಾಸವೇ ಇಲ್ಲ. ಟೋಸ್ಟರ್ ಕೊಳ್ಳಲು ಒಂದಿಡೀ ಚಳಿಗಾಲ ತೆಗೆದುಕೊಂಡಿದ್ದ. ಈಗಲೂ ಲೈಬ್ರರಿಯಲ್ಲಿ ಕೂತು ಗ್ರಾಹಕರ ಪತ್ರಿಕೆಗಳನ್ನೆಲ್ಲ ಅರೆದು ಕುಡಿದು ಬಂದಿದ್ದ. ಚಿತ್ರ ದೊಡ್ಡದು ಮಾಡುವುದು, ನಿಧಾನ ಓಡಿಸುವುದು, ಐದು ಡಿಸ್ಕ್ ಒಟ್ಟಿಗೆ ನುಂಗುವುದು, ಇವೆಲ್ಲ ಅವನಿಗೆ ಬೇಕಿರಲಿಲ್ಲ. ಬೇಕಾದ್ದು ಎರಡೇ. ಒಂದು, ರಿಮೋಟಿನ ಗುಂಡಿಗಳು ನಡುಗುವ ಬೆರಳಿಗೂ ಸಿಗುವಷ್ಟು ದಪ್ಪ ಇರಬೇಕು. ಇನ್ನೊಂದು, ನೋಡುವವರು ನಡುವೆ ನಿದ್ದೆ ಹೋದರೆ ಎಲ್ಲಿ ನಿಲ್ಲಿಸಿದ್ದು ಎಂಬುದನ್ನು ಅದು ಮರೆಯಬಾರದು. ಅಂಗಡಿಯಲ್ಲಿ ನೋಡಿದ ಮೊದಲನೆಯ ಪ್ಲೇಯರ್ ಆಫ್ ಮಾಡಿದ ಕೂಡಲೇ ಎಲ್ಲ ಮರೆಯುತ್ತಿತ್ತು. ಎರಡನೆಯದು ಡಿಸ್ಕ್ ಹೊರಗೆ ತೆಗೆಯುವ ತನಕ ಮಾತ್ರ ನೆನಪಿಡುತ್ತಿತ್ತು. ಮೂರನೆಯದಕ್ಕೆ, ಡಿಸ್ಕ್ ತೆಗೆದು ಹಾಕಿದರೂ ಕರೆಂಟ್ ಹೋಗಿ ಬಂದರೂ, ಎಲ್ಲ ನೆನಪು.

"ಹಾಗಾದ್ರೆ ಇದನ್ನೇ ಕಟ್ಟಿಕೊಡ್ಲಾ?" ಲೈಲ್ ಕೇಳಿದ. ಆಮೇಲೆ ಸುತ್ತ ನೋಡಿ ದನಿ ತಗ್ಗಿಸಿದ. "ನಾನು ಹೇಳಬಾರದು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೇ ದಿನ ಇದು ಅರ್ಧ ಬೆಲೆಗೆ ಬರುತ್ತೆ. ಬೆಳಗ್ಗೆ ಬೇಗ ಬಂದು ಸಾಲಲ್ಲಿ ನಿಂತ್ಕೊಳ್ಳಿ."

ಹಬ್ಬಕ್ಕೆ ಇನ್ನೂ ವಾರದ ಮೇಲಿತ್ತು. ವೆಂಡೆಲ್ ಪ್ಲೇಯರಿನ ನೆತ್ತಿಯನ್ನೊಮ್ಮೆ ಸವರಿ, ಬರಿಗೈಯಲ್ಲಿ ಮನೆಗೆ ಹೊರಟ.

ಹೆಂಡತಿ ಆರ್ಡಿಸ್ ಕಿಟಕಿಯ ಪಕ್ಕ ಕಂಬಳಿ ಹೊದ್ದು ಕೂತು ಒಬ್ಬಳೇ ಇಸ್ಪೀಟ್ ಆಡುತ್ತಿದ್ದಳು. ಮುಂಗೈ ಸೌದೆಕಡ್ಡಿಯಾಗಿತ್ತು, ನಾಲಿಗೆ ಮಾತ್ರ ಹಾಗೇ ಇತ್ತು.

"ಏನಪ್ಪಾ, ಹೆಣ್ಣು ಒಪ್ಪಿಗೆ ಆಯ್ತಾ?"

"ಆಯ್ತು. ಮೂರನೇದು."

"ಪುಣ್ಯವಂತೆ. ನನ್ನ ಮದುವೆ ಆಗೋ ಮುಂಚೆ ಎಷ್ಟು ಜನರ ಪ್ಲಗ್ ಕಿತ್ತು ನೋಡಿದ್ದೆ ನೀನು?"

"ನೀನು ಸೇಲಲ್ಲಿ ಸಿಕ್ಕಿದ್ದು," ಎಂದ ವೆಂಡೆಲ್. ಅವಳು ನಕ್ಕಳು, ನಕ್ಕದ್ದಕ್ಕೆ ಪಕ್ಕೆ ಹಿಡಿದುಕೊಂಡಳು.

ಟಿವಿಯ ಮೇಲೆ ಡಿಸ್ಕುಗಳ ಪೆಟ್ಟಿಗೆ ಇತ್ತು. ಮಗಳು ಕಾರಿನ್ ಡೆನ್ವರಿನಿಂದ ತಾಯಿಯ ಹುಟ್ಟುಹಬ್ಬಕ್ಕೆ ಕಳಿಸಿದ್ದು. ಅದನ್ನು ನೋಡುವ ಯಂತ್ರ ಇವರ ಮನೆಯಲ್ಲಿಲ್ಲ ಎಂಬುದು ಅವಳ ತಲೆಗೆ ಹೊಳೆದಿರಲಿಲ್ಲ, ಇವರೂ ಹೇಳಲಿಲ್ಲ. ಕಾರಿನ್ ಪುಟ್ಟವಳಿದ್ದಾಗ ವಾರಕ್ಕೊಮ್ಮೆ ಬರುತ್ತಿದ್ದ ಧಾರಾವಾಹಿ ಅದು. ಸುಪೀರಿಯರ್ ಸರೋವರದ ದಡದಲ್ಲಿ ದೀಪಸ್ತಂಭ ಕಾಯುವವನ ಸಂಸಾರದ ಕಥೆ. ಗಂಡ ಬಿರುಗಾಳಿಗೆ ಸಿಕ್ಕಿ ಕಾಣೆಯಾಗುತ್ತಾನೆ, ಹೆಂಡತಿ ದೀಪ ಹೊತ್ತಿಸುತ್ತ ಕಾಯುತ್ತಾಳೆ. ಕಥೆ ಆ ಘಟ್ಟಕ್ಕೆ ಬಂದಾಗಲೇ ಆರ್ಡಿಸ್‌ಗೆ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಸಂಜೆ ಪಾಳಿ ಬಿತ್ತು. ಕೊನೆಯನ್ನು ವೆಂಡೆಲ್ ನೋಡಿದ, ಅವಳು ನೋಡಲಿಲ್ಲ. "ಯಾರಾದ್ರೂ ಬಾಯಿ ಬಿಟ್ರೆ ಊಟ ಹಾಕಲ್ಲ" ಎಂದಿದ್ದಳು. ಎಂದಾದರೂ ಮತ್ತೆ ತೋರಿಸುತ್ತಾರೆಂದು ಕಾದಳು. ತೋರಿಸಲೇ ಇಲ್ಲ. ಇಷ್ಟು ವರ್ಷವೂ ವೆಂಡೆಲ್ ಬಾಯಿ ಬಿಟ್ಟಿರಲಿಲ್ಲ. ಇನ್ನು ಔಷಧಿ ಬೇಡ, ನೋವಿಗೆ ಮಾತ್ರೆ ಸಾಕು ಎಂದು ಡಾಕ್ಟರು ಹೇಳಿದ ದಿನ ಕಾರಿನಲ್ಲಿ ವಾಪಸು ಬರುತ್ತ ಅವಳು ಕೇಳಿದ್ದು ಅದೊಂದನ್ನೇ. "ಆ ಕಥೆ ಕೊನೇ ತನಕ ನೋಡ್ಬೇಕು ಕಣೋ. ಮೊದಲಿಂದ, ಸಾಲಾಗಿ."

"ಸೇಲ್ ಇದೆಯಂತೆ, ಹಬ್ಬದ ಮಾರನೇ ದಿನ," ಎಂದ ವೆಂಡೆಲ್ ಬೂಟು ಬಿಚ್ಚುತ್ತ. "ಬೇಕಾದ್ರೆ ಇವತ್ತೇ ತರ್ತೀನಿ. ತರ್ಲಾ?"

"ಬೇಡ ಬೇಡ. ನನಗೇನು ಅವಸರ? ಪೂರ್ತಿ ದುಡ್ಡು ಕೊಟ್ರೆ ನಿನಗೆ ನಿದ್ದೆ ಬರಲ್ಲ."

ಈ ಊರಲ್ಲಿ ಮೊದಲನೆಯ ಬೇಡ, ಬೇಡ ಅಲ್ಲ. ಕಾಫಿ ಕೊಡಲಾ ಎಂದರೆ ಬೇಡ ಎನ್ನುತ್ತಾರೆ. ಒಂದೇ ಒಂದು ಲೋಟ ಎಂದರೆ ನಿಮಗೆ ಯಾಕೆ ತೊಂದರೆ ಎನ್ನುತ್ತಾರೆ. ಮೂರನೆಯ ಸಲ ಕೇಳಿದಾಗಲೇ, ಮಾಡಿದ್ದರೆ ಕೊಡಿ ಎಂಬ ನಿಜ ಹೊರಗೆ ಬರುವುದು. ಎದೆಹಾಲಿನ ಜೊತೆ ಕಲಿತ ವಿದ್ಯೆ ಇದು. ಊರಿನ ಪ್ರತಿ ಅಡುಗೆಮನೆಯಲ್ಲೂ ವೆಂಡೆಲ್ ಮೂರು ಸಲ ಕೇಳಿಸಿಕೊಂಡು ಕಾಫಿ ಕುಡಿದವನು. ಆದರೆ ಹೆಂಡತಿಯನ್ನು ಅವನು ಒಂದೇ ಸಲ ಕೇಳಿದ. ಉತ್ತರ ತನಗೆ ಅನುಕೂಲವಾಗಿತ್ತು, ಒಪ್ಪಿಕೊಂಡುಬಿಟ್ಟ.

ಮನೆಗೆ ಬಂದು ನೋಡಿಕೊಳ್ಳುವ ನರ್ಸ್ ಜೋಲೀನ್ ಮರುದಿನ ಬಾಗಿಲಲ್ಲಿ ಕೋಟು ತೊಡುತ್ತ ಹೊರಗಿನ ಹಿಮ ನೋಡಿದಳು. "ಆ ಮಿಷನ್ನಿನ ವಿಷಯ ಆರ್ಡಿಸ್ ಹೇಳಿದ್ರು. ನಾನಾಗಿದ್ರೆ ಈ ವಾರವೇ ತರ್ತಿದ್ದೆ. ಆದ್ರೆ ನಾನು ಸ್ವಲ್ಪ ಅವಸರದವಳು, ಬಿಡಿ."

"ಹೌದು, ಹೌದು," ಎಂದ ವೆಂಡೆಲ್. "ಒಂಬತ್ತು ದಿನ ಏನು, ಹೀಗೆ ಹೋಗಿಬಿಡುತ್ತೆ."

ಜೋಲೀನ್ ರಸ್ತೆ ಜಾರುತ್ತದೆ, ಹುಷಾರು ಎಂದು ಹೊರಟಳು. ಈ ವಾರವೇ ಎಂದು ಅವಳು ಹೇಳಿದ್ದೇಕೆಂದು ಅವನಿಗೆ ಅರ್ಥವಾಗಲಿಲ್ಲವೇ? ಆಗದೆ ಏನು! ಚೆನ್ನಾಗಿಯೇ ಆಯಿತು. ಆದರೆ ಅರ್ಥ ಮಾಡಿಕೊಂಡೆನೆಂದು ಒಪ್ಪಿದರೆ ಇವತ್ತೇ ಪೂರ್ತಿ ಬೆಲೆ ಕೊಟ್ಟು ಆ ಪೆಟ್ಟಿಗೆ ಹೊತ್ತು ತರಬೇಕಾಗುತ್ತಿತ್ತು. ತಂದರೆ, ಅರ್ಧ ಬೆಲೆಯ ದಿನದ ತನಕ ಆರ್ಡಿಸ್‌ಗೆ ಸಮಯವಿಲ್ಲ ಎಂದು ಅವನೇ ಬಾಯಿಬಿಟ್ಟು ಹೇಳಿದ ಹಾಗೆ. ಕಾಯುವುದೆಂದರೆ ಕಾಯಲು ದಿನಗಳಿವೆ ಎಂದರ್ಥ. ಹಾಗೆಂದು ಅವನು ತನಗೆ ತಾನೇ ಹೇಳಿಕೊಂಡ.

ಆ ದಿನಗಳಲ್ಲಿ ಆರ್ಡಿಸ್ ಮಧ್ಯಾಹ್ನವೆಲ್ಲ ಎಚ್ಚರವಾಗಿರುತ್ತಿದ್ದಳು. ಇಸ್ಪೀಟ್ ಆಡುತ್ತಿದ್ದಳು. ಆಟ ಸಾಕಾದರೆ ಡಿಸ್ಕಿನ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಹಿಂಬದಿಯ ಚಿತ್ರಗಳನ್ನು ನೋಡುತ್ತಿದ್ದಳು. ಕೊನೆಯ ಭಾಗದ ಸಾರಾಂಶವನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು ಉಳಿದದ್ದನ್ನು ಓದುತ್ತಿದ್ದಳು. ಅದನ್ನು ನೋಡಿಯೂ ವೆಂಡೆಲ್ ಎರಡನೆಯ ಸಲ ಕೇಳಲಿಲ್ಲ.

ಹಬ್ಬದ ದಿನ ಚರ್ಚಿನ ಹೆಂಗಸರು ಟರ್ಕಿ ಕೋಳಿ, ಆಲೂಗಡ್ಡೆ ತಂದುಕೊಟ್ಟರು. ಆರ್ಡಿಸ್ ಒಂದು ಚಮಚ ಆಲೂಗಡ್ಡೆ ಬಾಯಿಗಿಟ್ಟು, ಚೆನ್ನಾಗಿದೆ ಎಂದು, ತಟ್ಟೆ ಸರಿಸಿ ಮಲಗಿದಳು. ಸಂಜೆಯ ತನಕ ಏಳಲಿಲ್ಲ. ಮಾರನೆಯ ದಿನ ಬೆಳಕು ಹರಿಯುವ ಮೊದಲೇ ವೆಂಡೆಲ್ ಅವಳ ಬಳಿ ಜೋಲೀನಳನ್ನು ಕೂರಿಸಿ, ಅಂಗಡಿಯ ಮುಂದೆ ಸಾಲಿನಲ್ಲಿ ನಿಂತ. ಮೂಗು ಮರಗಟ್ಟುವ ಚಳಿ. ಮುಂದಿದ್ದ ಹೆಂಗಸು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಡಲಾ ಎಂದಳು. ಅವನು ಬೇಡ ಎಂದ. ಅವಳು ಮೂರು ಸಲ ಕೇಳಿದಳು. ಕುಡಿದ. ಬಾಗಿಲು ತೆರೆದಾಗ ಎಪ್ಪತ್ತರ ಆ ಮುದುಕ ಜನರ ನಡುವೆ ಮೊಣಕೈ ತೂರಿಸಿ ಓಡಿದ. ತಾನು ಓಡುತ್ತಿದ್ದೇನೆ ಎಂಬುದೇ ಅವನಿಗೆ ತಿಳಿಯಲಿಲ್ಲ.

ಪ್ಲೇಯರ್ ಅಂಗಡಿಯಲ್ಲಿ ನೋಡಿದ ಹಾಗೇ ಕೆಲಸ ಮಾಡಿತು. ಮಂಚದ ಎದುರಿಗೆ ಟಿವಿ ಎಳೆದು ತಂದು ಮೊದಲ ಡಿಸ್ಕ್ ಹಾಕಿದ. ದೀಪಸ್ತಂಭ ಕಂಡಿತು, ಸರೋವರ ಕಂಡಿತು, ಹಳೆಯ ವಾದ್ಯ ಮೊಳಗಿತು. ಆರ್ಡಿಸ್‌ಳ ತುಟಿ ಆ ರಾಗದ ಜೊತೆ ಅಲುಗಾಡಿತು. ಹತ್ತು ನಿಮಿಷಕ್ಕೆಲ್ಲ ಕಣ್ಣು ಮುಚ್ಚಿತು. ಅವನು ನಿಲ್ಲಿಸಿದ. ಸಂಜೆ ಎಚ್ಚರವಾದಾಗ ಗುಂಡಿ ಒತ್ತಿದ. ಅದೇ ಮಾತು, ಅದೇ ಅರ್ಧ ಎತ್ತಿದ ಕೈ, ಅಲ್ಲಿಂದಲೇ ಶುರು. ಮತ್ತೆ ಐದು ನಿಮಿಷ. ಮತ್ತೆ ನಿದ್ದೆ. ಹೀಗೇ ಕೆಲವು ದಿನ ನಡೆಯಿತು.

ಯಂತ್ರ ಒಂದು ಸಲವೂ ತಪ್ಪಲಿಲ್ಲ. ತಪ್ಪಿದ್ದು ಅವನ ಲೆಕ್ಕ. ದಿನವಿಡೀ ಎಚ್ಚರವಿದ್ದವಳನ್ನು ಕಿಟಕಿಯ ಪಕ್ಕ ಇಸ್ಪೀಟಿನ ಜೊತೆ ಕೂರಿಸಿ, ಈಗ ಹನಿ ಹನಿಯಾಗಿ ಕಥೆ ತೊಟ್ಟಿಕ್ಕಿಸುತ್ತಿದ್ದಾನೆ. ಪೆಟ್ಟಿಗೆಯ ಮುಕ್ಕಾಲು ಭಾಗ ಹಾಗೇ ಉಳಿದಿತ್ತು. ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿ ಅತ್ತ. ಮುಖ ತೊಳೆದು ಬಂದ.

"ಆರ್ಡಿಸ್, ಕೊನೇ ಡಿಸ್ಕ್ ಹಾಕ್ಲಾ?"

"ಬೇಡ."

"ಒಂದೇ ಭಾಗ. ಕೊನೇದು ಮಾತ್ರ."

"ಬೇಡ್ವೋ. ಸಾಲಾಗಿ ನೋಡ್ಬೇಕು."

ವೆಂಡೆಲ್ ಕೊನೆಯ ಡಿಸ್ಕನ್ನು ಪೆಟ್ಟಿಗೆಯಿಂದ ತೆಗೆದು ಹಿಡಿದ. "ಮೂರನೇ ಸಲ ಕೇಳ್ತಿದೀನಿ. ಹಾಕ್ಲಾ?"

ಅವಳು ಕಣ್ಣು ತೆರೆದು ಅವನನ್ನೇ ನೋಡಿದಳು. ಅವನು ಕೇಳುತ್ತಿರುವುದು ಬರೀ ಡಿಸ್ಕಿನ ವಿಷಯವಲ್ಲ ಎಂದು ಅವಳಿಗೆ ಗೊತ್ತಾಗಿತ್ತು. "ಬೇಡ," ಎಂದಳು ಮೆತ್ತಗೆ. "ಒಳ್ಳೇ ಮಿಷನ್ ಆರಿಸಿದೀಯ ನೀನು."

ಬೈಯಬಾರದಿತ್ತೇ ಅವಳು! ನಿನ್ನ ಸೇಲಿಗೆ ಬೆಂಕಿ ಹಾಕ ಎಂದು ಒಂದು ಮಾತು ಅಂದಿದ್ದರೆ ಅವನು ಅವಳ ಕಾಲು ಹಿಡಿದು ಹಗುರಾಗುತ್ತಿದ್ದ.

ಮಾರನೆಯ ಬೆಳಗ್ಗೆ ಕಥೆಯಲ್ಲಿ ಬಿರುಗಾಳಿ ಶುರುವಾಯಿತು. ಗಂಡನ ದೋಣಿ ಮಂಜಿನಲ್ಲಿ ಮರೆಯಾಯಿತು. ಕಾವಲುಗಾರನ ಹೆಂಡತಿ ಲಾಟೀನು ಹಿಡಿದು ಬಾಗಿಲಿಗೆ ಓಡಿ ಅಗುಳಿಯ ಮೇಲೆ ಕೈ ಇಟ್ಟಳು. ಆರ್ಡಿಸ್‌ಳ ಕೈ ಕಂಬಳಿಯ ಮೇಲೆ ತಡವರಿಸಿ ಅವನ ಬೆರಳು ಹುಡುಕಿತು. ಅವನು ನಿಲ್ಲಿಸಿದ.

"ವೆಂಡೆಲ್. ಬರ್ತಾನಾ ಅವನು?"

ಇಷ್ಟು ವರ್ಷ ಕಾದಿಟ್ಟ ಮಾತು, ಒಂದೇ ಶಬ್ದದ ಉತ್ತರ. ಅವನು ಬಾಯಿ ತೆರೆದ. ಅವಳ ತೋರುಬೆರಳು ಮೇಲೆದ್ದು ಅವನ ತುಟಿಗೆ ಅಡ್ಡ ಬಂತು.

"ಥೂ, ಹೇಳ್ಬೇಡ," ಎಂದಳು. ನಕ್ಕಳೋ ಏನೋ. "ನಾನೇ ನೋಡ್ತೀನಿ."

ಅವಳು ಮತ್ತೆ ಏಳಲಿಲ್ಲ. ಉಸಿರು ನಡೆಯುತ್ತಿತ್ತು. ಒಂದು ದಿನ ನಡೆಯಿತು, ಎರಡನೆಯ ದಿನ ಜೋಲೀನ್ ಕಿಟಕಿಯ ಪರದೆ ಅರ್ಧ ಎಳೆದು, ಅವನ ಬೆನ್ನ ಮೇಲೆ ಕೈ ಇಟ್ಟಳು.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ತಿಂದರು. ಎಲ್ಲರೂ ಪರವಾಗಿಲ್ಲ, ನೋವು ಕಮ್ಮಿ ಇತ್ತಲ್ಲ ಎಂದರು. ಅವನೂ ಪರವಾಗಿಲ್ಲ ಎಂದ. ಕಾರಿನ್ ಡೆನ್ವರಿಗೆ ವಾಪಸು ಹೋದಳು. ಬಾಡಿಗೆಯ ಮಂಚವನ್ನು ಇಬ್ಬರು ಬಂದು ಬಿಚ್ಚಿ ಒಯ್ದರು. ಕಾರ್ಪೆಟ್ಟಿನ ಮೇಲೆ ಅದರ ಕಾಲುಗಳ ನಾಲ್ಕು ಕುಳಿ ಉಳಿದವು. ಟಿವಿ ಆ ಖಾಲಿ ಜಾಗದ ಕಡೆಗೇ ಮುಖ ಮಾಡಿ ನಿಂತಿತ್ತು.

ಡಿಸ್ಕ್ ತೆಗೆದು ಪೆಟ್ಟಿಗೆಗೆ ಹಾಕೋಣವೆಂದು ವೆಂಡೆಲ್ ಪ್ಲೇಯರಿನ ಗುಂಡಿ ಒತ್ತಿದ. ಪರದೆ ನೀಲಿಯಾಯಿತು. ನಿಲ್ಲಿಸಿದ ಜಾಗದಿಂದ ಮುಂದುವರಿಸುವುದೇ?

ಅವನು ಹಿಂದೆ ಸರಿದ. ಇಲ್ಲ ಎಂಬ ಗುಂಡಿ ಒತ್ತಬಹುದಿತ್ತು, ಅದು ಅವನಿಗೆ ಹೊಳೆಯಲಿಲ್ಲ. ಬಗ್ಗಿ, ಗೋಡೆಯ ಕಡೆ ಕೈ ಹಾಕಿ ಪ್ಲಗ್ ಕಿತ್ತ. ಹಸಿರು ದೀಪ ಆರಿತು. ಮರೆತುಬಿಡು ಎಂದು ಬಾಯಿಬಿಟ್ಟೇ ಹೇಳಿದ. ಪ್ಲಗ್ಗನ್ನು ಕೈಯಲ್ಲಿ ಹಿಡಿದುಕೊಂಡೇ ನೆಲದ ಮೇಲೆ, ಆ ನಾಲ್ಕು ಕುಳಿಗಳ ನಡುವೆ ಕೂತ. ಅಡುಗೆಮನೆಯಲ್ಲಿ ಇಟ್ಟಿದ್ದ ಕಾಫಿ ಉಕ್ಕಿ ಸುಟ್ಟ ವಾಸನೆ ಬಂತು. ಎದ್ದು ಹೋಗಿ ಒಲೆ ಆರಿಸಿ ಬಂದು ಮತ್ತೆ ಕೂತ. ಕಿಟಕಿಯ ಬಿಸಿಲು ಗೋಡೆಯಿಂದ ಇಳಿದು ಅವನ ಮೊಣಕಾಲಿಗೆ ಬಂತು.

ಆಮೇಲೆ ಪ್ಲಗ್ ಚುಚ್ಚಿ, ರಿಮೋಟಿನ ದಪ್ಪ ಗುಂಡಿಯನ್ನು ಒತ್ತಿದ.

ಕಾವಲುಗಾರನ ಹೆಂಡತಿ ಲಾಟೀನು ಹಿಡಿದು ಬಾಗಿಲ ಬಳಿ ನಿಂತಿದ್ದಳು. ಅವಳ ಕೈ ಅಗುಳಿಯ ಮೇಲೆಯೇ ಇತ್ತು.