ಶೀಟಿನ ಪುಡಿ

ಶಶಿಧರ ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದನ್ನು ನೋಡಿದಾಗಲೇ ನನಗೆ ಅನುಮಾನ ಬಂತು.

ಕೋಣನಕುಂಟೆಯ ನಮ್ಮ ವಠಾರದ ಹಳೇ ಸಿಮೆಂಟ್ ಶೀಟುಗಳನ್ನು ಇಳಿಸುವ ಕಂಟ್ರಾಕ್ಟು ಅವನದು. ಒಂದೊಂದು ಶೀಟನ್ನೂ ಮಷೀನಿನಲ್ಲಿ ಎರಡು ತುಂಡು ಮಾಡುತ್ತಿದ್ದ. ಹಾಗೆ ಮಾಡಿದರೆ ಚಿಕ್ಕ ಗಾಡಿಯಲ್ಲೇ ಹಿಡಿಸುತ್ತದಂತೆ. ಅಂಗಳವೆಲ್ಲ ಬೂದಿ ಬಣ್ಣದ ಪುಡಿ.

ಬಾಡಿಗೆಗಿರುವ ಮುರಿಗೆವ್ವ ಅದನ್ನು ಗುಡಿಸಿ ಡಬ್ಬಕ್ಕೆ ತುಂಬುತ್ತಿದ್ದಳು.

"ಏನಕ್ಕಮ್ಮ ಅದು?"

"ಪಾತ್ರಿ ತಿಕ್ಕಾಕ್ರಿ ಅಮ್ಮಾರ. ಈ ಊರಾಗ ಬೂದಿ ಎಲ್ಲಿ ಸಿಗತೈತಿ?"

"ಕೆದಕ್ಬೇಡ, ಬಿಡು ಅದನ್ನ."

"ನಿಮಗ ಎಲ್ಲಾದ್ರಾಗೂ ಸಂಶಯ," ಎಂದು ನಕ್ಕಳು.

ನಮ್ಮ ಯಜಮಾನರು ಚಿಕ್ಕಬೈರಪ್ಪ. ಜೆ.ಪಿ. ನಗರ ಎದ್ದ ಕಾಲದಲ್ಲಿ ಶೆಡ್ಡುಗಳಿಗೆ ಇಂಥದೇ ಶೀಟು ಕುಯ್ಯುತ್ತಿದ್ದರು. ಸಂಜೆ ಮನೆಗೆ ಬಂದರೆ ರೆಪ್ಪೆಯ ಮೇಲೂ ಪುಡಿ. ಬೀಡಿ ಮುಟ್ಟಿದವರಲ್ಲ. ಎಷ್ಟೋ ವರ್ಷದ ಮೇಲೆ ಕೆಮ್ಮು ಹಿಡಿಯಿತು. ಎದೆಯಲ್ಲಿ ಕ್ಯಾನ್ಸರ್ ಎಂದರು. ಡಾಕ್ಟರು, ಏನು ಕೆಲಸ ಮಾಡ್ತಿದ್ರು ಎಂದು ಕೇಳಿದರು. ಹೇಳಿದೆ. "ಆ ಶೀಟಲ್ಲಿ ಕಲ್ನಾರು, ಅಂದ್ರೆ ಆಸ್ಬೆಸ್ಟಾಸ್ ಇರುತ್ತಮ್ಮ. ಅದರ ಪುಡಿ ಉಸಿರಲ್ಲಿ ಒಳಗೆ ಹೋಗದ ಹಾಗೆ ಮೊದಲೇ ನೋಡ್ಕೋಬೇಕು. ಹೋದ್ಮೇಲೆ ತೆಗೆಯೋಕಾಗಲ್ಲ," ಎಂದರು. ಯಜಮಾನರು ಉಳಿಯಲಿಲ್ಲ.

ಇಷ್ಟನ್ನೂ ಮುರಿಗೆವ್ವನಿಗೆ ಹೇಳಿದೆ. ನಂಬಲಿಲ್ಲ. "ಏನೂ ಆಗಂಗಿಲ್ಲ ಅಂತ ಆ ಅಣ್ಣಾರು ಹೇಳ್ಯಾರಲ್ರಿ."

ಶಶಿಧರ ನನಗೂ ಹಾಗೇ ಹೇಳಿದ್ದ: "ಬರೀ ಸಿಮೆಂಟ್ ಅಜ್ಜಿ, ತಲೆ ಕೆಡಿಸ್ಕೋಬೇಡಿ." ಹಾಗಾದರೆ ಅವನ ಮೂಗಿಗೇಕೆ ಬಟ್ಟೆ?

ಜಗಳವಾಡಲಿಲ್ಲ. ಒಳಗೆ ಹೋಗಿ ಕಾಫಿ ಮಾಡಿ ತಂದೆ. ಪುಡಿ ಹಾರುತ್ತಿದ್ದ ಜಾಗದಲ್ಲೇ ಮಣೆ ಹಾಕಿದೆ.

"ಬಾಪ್ಪ, ಮೂಗಿನ ಬಟ್ಟೆ ಬಿಚ್ಚು, ಇಲ್ಲೇ ಕೂತ್ಕೊಂಡು ಕುಡಿ."

"ಆಮೇಲೆ ಅಜ್ಜಿ."

"ಆರೋಗುತ್ತೆ."

ಲೋಟ ತೆಗೆದುಕೊಂಡ. ಅಂಗಳ ದಾಟಿ ಗೇಟಿನಾಚೆ ನಿಂತು, ಆಮೇಲೆ ಬಟ್ಟೆ ಇಳಿಸಿದ.

ಮುರಿಗೆವ್ವ ಪೊರಕೆ ಹಿಡಿದೇ ನೋಡುತ್ತಿದ್ದಳು. "ಅಷ್ಟು ದೂರ ಯಾಕ ಹೋದ್ರಿ ಅಣ್ಣಾರ?"

ಅವನು ಮುಖ ತಗ್ಗಿಸಿ ಕಾಫಿ ಊದಿದ. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು, ಪುಡಿ ಏಳದಂತೆ ಡಬ್ಬಕ್ಕೆ ನೀರು ಸುರಿದಳು.

"ಮಷೀನು ಬೇಡ," ಎಂದೆ. "ನೀರು ಹೊಡೆದು ಇಡೀ ಶೀಟೇ ಇಳಿಸು. ಮುರೀಬೇಡ."

ಗೊಣಗುತ್ತಲೇ ಪೈಪು ಎಳೆದ.

ಸಂಜೆಗೆ ಒದ್ದೆ ಶೀಟುಗಳೆಲ್ಲ ಅಂಗಳದೊಳಕ್ಕೆ ಬಂದು ನಿಂತಿದ್ದ ದೊಡ್ಡ ಟೆಂಪೋ ಏರಿದವು.

"ಇವೆಲ್ಲಿಗಪ್ಪ ಹೋಗ್ತವೆ?"

"ಬಿಳೇಕಹಳ್ಳೀಲಿ ಯಾರೋ ಕೇಳಿದಾರೆ. ಕುಯ್ದು ಶೆಡ್ಡಿಗೆ ಹಾಕ್ಕೋತಾರಂತೆ. ನಿಮಗ್ಯಾಕಜ್ಜಿ?"

ಟೆಂಪೋ ಹೊರಡುವ ಮೊದಲೇ ಗೇಟಿಗೆ ಬೀಗ ಹಾಕಿದೆ. ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಣೆಯ ಮೇಲೆ ಕುಳಿತೆ. ಮುರಿಗೆವ್ವ ಪೊರಕೆ ಬಿಟ್ಟು ಬಂದು ಪಕ್ಕದಲ್ಲಿ ಕುಳಿತಳು.