ಕೊನೆಯ ಪ್ಯಾದೆ

ಮೊದಲ ನಡೆಗೇ ಮಾವ ಅವನ ಕೈ ತಡೆದರು.

"ಎರಡು ಮನಿ ಇಲ್ರಿ ಅಳಿಯಾರ. ಪ್ಯಾದಿ ಒಂದ ಮನಿ. ನಮ್ಮದು ಹಳೇ ಆಟ."

ಚನ್ನವೀರ ಪ್ಯಾದೆಯನ್ನು ಒಂದು ಮನೆ ಹಿಂದಕ್ಕೆ ತಂದ. ರಾತ್ರಿಗಟ್ಟಲೆ ಮೊಬೈಲ್ ಹಿಡಿದು ಬಾಯಿಪಾಠ ಮಾಡಿದ್ದ ಚದುರಂಗದ ಆರಂಭದ ನಡೆಗಳೆಲ್ಲ ಆ ಒಂದು ಮನೆಯಲ್ಲಿ ನೀರುಪಾಲಾದವು. ಸ್ಪ್ಯಾನಿಷ್, ಸಿಸಿಲಿಯನ್, ಫ್ರೆಂಚ್. ಹೆಸರು ಕೇಳಿದರೆ ದೇಶ ಸುತ್ತಿ ಬಂದವನೆನ್ನಬೇಕು. ಮಾನ್ವಿಯ ಈ ಪಡಸಾಲೆಯಲ್ಲಿ ಒಂದಕ್ಕೂ ಪ್ರವೇಶವಿರಲಿಲ್ಲ. ಹಾಸು ಕೂಡ ಬೇರೆಯೇ. ಕಪ್ಪು ಬಿಳುಪಿನ ಮನೆಗಳಿಲ್ಲ, ಮಾಸಿದ ಬಟ್ಟೆಯ ಮೇಲೆ ದಾರದಲ್ಲಿ ಹೊಲಿದ ಗೆರೆಗಳು ಮಾತ್ರ. ಅವನ ಕಾಯಿಗಳು ಕೆಂಪು, ಮಾವನವು ಹಸಿರು.

ಅವನು ಆಡಲು ಬಂದವನೇ ಅಲ್ಲ. ಹೆಂಡತಿಯನ್ನು ಕರೆದುಕೊಂಡು ಹೋಗಲು ರಾಯಚೂರಿನಿಂದ ಭಾನುವಾರದ ಬೆಳಗಿನ ಬಸ್ಸಿಗೆ ಬಂದಿದ್ದ. ದಸರೆಗೆಂದು ತವರಿಗೆ ಹೋದ ಶಿವಗಂಗಾ ದೀಪಾವಳಿ ಮುಗಿದರೂ ಹೊರಟಿರಲಿಲ್ಲ. ಜಗಳವೇನೂ ಆಗಿರಲಿಲ್ಲ. ಫೋನ್ ಮಾಡಿದರೆ ಎತ್ತುತ್ತಿದ್ದಳು, ಊಟವಾಯಿತೇ ಎಂದು ವಿಚಾರಿಸುತ್ತಿದ್ದಳು. ಯಾವಾಗ ಬರುತ್ತೀ ಎಂದರೆ ಮಾತ್ರ ನೋಡೋಣ ಎನ್ನುತ್ತಿದ್ದಳು. ಇವತ್ತು ಬರಲಿಲ್ಲವೆಂದರೆ ಅವಳು ಇನ್ನು ಬರುವುದಿಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಮಾವ ವಿರೂಪಣ್ಣ ಅಕ್ಕಿ ಗಿರಣಿಯ ಯಜಮಾನರು. ಮಗಳ ಮಾತು ಎತ್ತಿಯೇ ಎತ್ತುತ್ತಾರೆಂದು ಚನ್ನವೀರ ಉತ್ತರಗಳನ್ನು ಸಿದ್ಧಮಾಡಿಕೊಂಡಿದ್ದ. ಅವರು ಹೀಗಂದರೆ ಹೀಗೆ, ಅತ್ತೆ ಹಾಗಂದರೆ ಹಾಗೆ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವನಿಗೆ ಇದೇನೂ ಕಷ್ಟವಲ್ಲ. ಬಸ್ಸಿನಲ್ಲಿ ಇಡೀ ದಾರಿ ಅದೇ ಕೆಲಸವಾಗಿತ್ತು. ಮಾವ ಚಹಾ ತರಿಸಿದರು. ದೇವದುರ್ಗದಲ್ಲಿರುವ ಅವನ ಅಣ್ಣನ ಆರೋಗ್ಯ ಕೇಳಿದರು. ಆಮೇಲೆ, ಮದುವೆಯಾದ ಇಷ್ಟು ವರ್ಷಗಳಲ್ಲಿ ಮೊದಲ ಸಲ, ಗೂಡಿನಿಂದ ಈ ಬಟ್ಟೆ ತೆಗೆದು ಚಾಪೆಯ ಮೇಲೆ ಹಾಸಿದರು. ನೀವು ಭಾಳ ಓದಿ ಆಡ್ತೀರಂತ ಮಗಳು ಹೇಳಿದ್ದಳು ಎಂದರು.

ಇದು ಪರೀಕ್ಷೆ ಎಂದು ಚನ್ನವೀರನಿಗೆ ಅನ್ನಿಸಿತು. ಗೆದ್ದರೆ ಮಾತು ಸಲೀಸಾಗುತ್ತದೆ ಎಂದೂ ಅನ್ನಿಸಿತು. ಒಳಗೆ ಅಡುಗೆಮನೆಯಲ್ಲಿ ಬಳೆಯ ಸದ್ದು ಕೇಳುತ್ತಿತ್ತು. ಅದು ಅತ್ತೆಯದೋ ಹೆಂಡತಿಯದೋ ಅವನಿಗೆ ಗುರುತು ಸಿಗಲಿಲ್ಲ.

ಹಳೇ ಆಟದ ಇನ್ನೊಂದು ನಿಯಮವನ್ನೂ ಮಾವ ಹೇಳಿದರು: ರಾಜ ಒಮ್ಮೆ ಮಾತ್ರ ಕುದುರೆಯ ಹಾಗೆ ಜಿಗಿಯಬಹುದು. ಬೇರೆ ಏನಾದರೂ ಇದೆಯೇ ಎಂದು ಚನ್ನವೀರ ಕೇಳಿದ. ಮಿಕ್ಕದ್ದೆಲ್ಲ ನಿಮ್ಮ ಹಾಗೇ ಎಂದರು.

ಆರಂಭ ಕೈಕೊಟ್ಟರೂ ನಡುವಿನ ಆಟದಲ್ಲಿ ಓದು ಕೈಹಿಡಿಯಿತು. ದಿನವೂ ಬಿಡಿಸುತ್ತಿದ್ದ ಸಮಸ್ಯೆಗಳಲ್ಲಿ ಇಂಥವನ್ನು ಎಷ್ಟೋ ನೋಡಿದ್ದ. ಅವನ ಕುದುರೆ ಒಂದೇ ಏಟಿಗೆ ಮಾವನ ರಾಜನಿಗೂ ಆನೆಗೂ ಗುರಿಯಿಟ್ಟು ಕೂತಿತು. ಮಾವ ರಾಜನನ್ನು ಸರಿಸಿ, ಆನೆಯನ್ನು ತಾವೇ ಎತ್ತಿ ಅವನ ಕೈಗೆ ಕೊಟ್ಟರು. ಅವರು ಆಡುವಾಗ ಹಾಸನ್ನು ಹೆಚ್ಚು ನೋಡುತ್ತಿರಲಿಲ್ಲ. ಬಾಗಿಲಾಚೆ ನಿಂತಿದ್ದ ಭತ್ತದ ಲಾರಿಯನ್ನು ನೋಡುತ್ತಿದ್ದರು, ಒಮ್ಮೊಮ್ಮೆ ಅವನ ಮುಖವನ್ನು ನೋಡುತ್ತಿದ್ದರು.

ಶಿವಗಂಗಾಳೂ ಹೀಗೆಯೇ ಆಡುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಸಂಜೆ ಇಬ್ಬರೂ ಕೂರುತ್ತಿದ್ದರು. ಬೇಗ ಬೇಗ ಆಡಿ ಸೋತು ನಗುತ್ತಿದ್ದಳು. ಆಟ ಮುಗಿದ ಮೇಲೆ ಅವನು ಕಾಯಿಗಳನ್ನು ಮತ್ತೆ ಜೋಡಿಸಿ ಅವಳು ಎಲ್ಲಿ ತಪ್ಪಿದಳೆಂದು ತೋರಿಸುತ್ತಿದ್ದ. ಅದು ಪ್ರೀತಿಯೇ ಆಗಿತ್ತು. ತನ್ನಲ್ಲಿದ್ದ ಒಳ್ಳೆಯದನ್ನೇ ಅವಳಿಗೆ ಕೊಡುತ್ತಿದ್ದ. ನಮ್ಮ ಮನೆಯಲ್ಲಿ ಹಾಗಲ್ಲ ಎಂದು ಅವಳು ಒಮ್ಮೆ ಏನನ್ನೋ ಹೇಳಲು ಹೊರಟಾಗ, ನಿಮ್ಮ ಮನೆಯ ನಿಯಮ ಜಗತ್ತಿನ ನಿಯಮವಲ್ಲ ಎಂದು ವಿವರಿಸಿದ್ದ. ಬರಬರುತ್ತ ಅವಳು ಆಡುವುದನ್ನು ಬಿಟ್ಟಳು. ತೋರಿಸಿಕೊಡುವ ಚಟ ಅವನಲ್ಲಿ ಉಳಿಯಿತು.

ಗಂಡ ಹೆಂಡಿರ ನಡುವಿನ ಸಣ್ಣಪುಟ್ಟ ವಾದಗಳನ್ನೂ ಅವನು ಹಾಗೇ ಮತ್ತೆ ಜೋಡಿಸುತ್ತಿದ್ದ. ಅವಳು ಸುಮ್ಮನಾದ ಮೇಲೆ ನಿಧಾನವಾಗಿ ಹಿಂದಕ್ಕೆ ಹೋಗುತ್ತಿದ್ದ. ಅಲ್ಲಿ ನೀನು ಅತ್ತದ್ದು ತಪ್ಪು; ಅಳದೆ ಹೀಗೆ ಕೇಳಿದ್ದರೆ ನನ್ನ ಹತ್ತಿರ ಉತ್ತರವಿರುತ್ತಿರಲಿಲ್ಲ. ಇರುತ್ತಿತ್ತು, ಆದರೆ ಕಷ್ಟವಾಗುತ್ತಿತ್ತು. ಆ ಉತ್ತರವನ್ನೂ ಹೇಳಿಬಿಡುತ್ತಿದ್ದ. ಅವಳು ಸೆರಗಿನ ಅಂಚು ನೋಡುತ್ತ ಕೇಳಿಸಿಕೊಳ್ಳುತ್ತಿದ್ದಳು.

ಪಕ್ಕದ ಮನೆಯ ಲತೀಫಾಳ ಹತ್ತಿರ ಅವಳು ಮಧ್ಯಾಹ್ನ ಕಸೂತಿ ಹಾಕಲು ಹೋಗುತ್ತಿದ್ದಳು. ಬೇಡ ಎಂದು ಅವನು ಅಂದವನಲ್ಲ. ಯಾವುದನ್ನೂ ಬೇಡ ಎನ್ನದ ಗಂಡ ತಾನು ಎಂಬ ಹೆಮ್ಮೆ ಅವನಿಗಿತ್ತು. ಅಲ್ಲಿ ಏನು ಮಾತಾಡುತ್ತೀರಿ ಎಂದು ಕೇಳಿದ್ದ, ಅಷ್ಟೆ. ಅವಳು ಉತ್ಸಾಹದಿಂದ ಹೇಳಿದ ಮೇಲೆ, ಆ ಮಾತುಗಳಲ್ಲಿ ಏನೇನೂ ಇಲ್ಲವೆಂದು ಒಂದೊಂದನ್ನೇ ಬಿಡಿಸಿ ತೋರಿಸಿದ್ದ. ಮರುದಿನದಿಂದ ಅವಳು ಹೋಗಲಿಲ್ಲ. ಯಾಕೆಂದು ಕೇಳಿದರೆ ನೀವು ಹೇಳಿದ್ದೇ ಸರಿ ಎಂದಳು. ಅವತ್ತು ಅವನಿಗೆ ನಿಜವಾಗಿ ಸಂತೋಷವಾಗಿತ್ತು.

ಬಿಸಿಲು ಹೊಸ್ತಿಲು ದಾಟಿ ಒಳಗೆ ಬರುವ ಹೊತ್ತಿಗೆ ಮಾವನಿಗೆ ರಾಜ ಮತ್ತು ಒಂದು ಪ್ಯಾದೆ ಉಳಿದಿದ್ದವು. ಅವನಿಗೆ ಆನೆಯಿತ್ತು, ಎರಡು ಪ್ಯಾದೆಗಳಿದ್ದವು. ಇನ್ನು ಅಂತ್ಯದಾಟ. ಅದರಲ್ಲಿ ಅವನು ಪಳಗಿದವನು. ಮಾವನ ಪ್ಯಾದೆ ಅವನ ಪ್ಯಾದೆಗೆ ಎದುರಾಗಿ ಸಿಕ್ಕಿಬಿದ್ದಿತ್ತು. ಮುಂದೆ ಹೋಗುವಂತಿಲ್ಲ, ಯಾರಿಗೂ ತೊಂದರೆ ಕೊಡುವಂತಿಲ್ಲ. ಎದುರಾಳಿಗೆ ಏನನ್ನೂ ಉಳಿಸಬೇಡ ಎಂದು ಪಾಠಗಳೆಲ್ಲ ಹೇಳುತ್ತಿದ್ದವು. ಅವನು ಆನೆಯನ್ನು ಉದ್ದಕ್ಕೆ ಒಯ್ದು ಆ ಪ್ಯಾದೆಯನ್ನು ಹೊಡೆದು, ಎತ್ತಿ ಪಕ್ಕಕ್ಕಿಟ್ಟ. ಒಂಟಿ ರಾಜನನ್ನು ಆನೆಯಿಂದ ಮೂಲೆಗೆ ಅಟ್ಟಿಕೊಂಡು ಹೋಗುವುದು ಹೇಗೆಂದು ಈಗ ಮಾವನಿಗೆ ತೋರಿಸಬಹುದಿತ್ತು.

ಮಾವ ಕಾಯಿಗಳನ್ನು ಗುಡ್ಡೆಮಾಡಲು ಶುರುಮಾಡಿದರು.

"ಬುರ್ದ್ ಆತು. ಆಟ ಮುಗೀತು."

ಚನ್ನವೀರನಿಗೆ ಅರ್ಥವಾಗಲಿಲ್ಲ. ತಾನು ಗೆಲ್ಲುತ್ತಿರುವುದನ್ನು, ಇನ್ನು ಕೆಲವೇ ನಡೆಗಳು ಬಾಕಿಯಿರುವುದನ್ನು ಹೇಳಿದ. ದನಿ ತುಸು ಏರಿತ್ತು.

"ಗೆಲ್ಲೂದು ಎಲ್ಲಿ ಬಂತ್ರಿ? ಎದುರಿನವನ ಕೈಯಾಗ ಒಂದು ಪ್ಯಾದಿ ಆದ್ರೂ ಇರಬೇಕು, ಅಂದ್ರ ರಾಜನ್ನ ಕಟ್ಟಿಹಾಕಿ ಮಾತ್ ಮಾಡಿದ್ದು ಲೆಕ್ಕಕ್ಕ ಬರ್ತದ. ಎಲ್ಲಾ ತೊಗೊಂಡ ಮ್ಯಾಲ ಬರೇ ರಾಜನ್ನ ಏನು ಸೋಲಸ್ತೀರಿ? ಯಾರೂ ಗೆದ್ದಂಗಿಲ್ಲ, ಸೋತಂಗಿಲ್ಲ. ಅದಕ್ಕ ಬುರ್ದ್ ಅಂತಾರ."

"ಮೊದಲ ಹೇಳಬೇಕಿತ್ತಲ್ರಿ ಮಾವಾರ."

"ಇದನ್ನೇನು ಹೇಳೂದಂತ ಸುಮ್ಮನಿದ್ದೆ." ಅವರ ಮುಖದಲ್ಲಿ ವ್ಯಂಗ್ಯವಿರಲಿಲ್ಲ. ಕೊಂಚ ದಣಿದಿದ್ದರು. "ಆ ಪ್ಯಾದಿ ನಿಮಗ ಏನು ಮಾಡಿತ್ರಿ? ಅಲ್ಲೇ ನಿಂತಿತ್ತು ಪಾಪ."

ಅವರು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಊಟಕ್ಕೆ ಎದ್ದರು. ಮಗಳ ಮಾತು ಕೊನೆಗೂ ಬರಲಿಲ್ಲ.

ಅತ್ತೆ ಸೂಗಮ್ಮ ಶೇಂಗಾ ಹೋಳಿಗೆ ಮಾಡಿದ್ದರು. ತುಪ್ಪ ಹಾಕುವಾಗ ಅಳಿಯನ ಮುಖ ನೋಡಲಿಲ್ಲ. ಶಿವಗಂಗಾ ರೊಟ್ಟಿ ತಂದು ಬಡಿಸಿ ಹೋದಳು. ತೆಳ್ಳಗಾಗಿರಲಿಲ್ಲ, ಸೊರಗಿರಲಿಲ್ಲ, ಚೆನ್ನಾಗಿಯೇ ಇದ್ದಳು. ಅಷ್ಟು ಚೆನ್ನಾಗಿದ್ದದ್ದು ಚನ್ನವೀರನಿಗೆ ಹೆದರಿಕೆ ಹುಟ್ಟಿಸಿತು. ಊಟದ ಉದ್ದಕ್ಕೂ ಅವನು ಆ ಬುರ್ದಿನ ನಿಯಮವನ್ನೇ ಮನಸ್ಸಿನಲ್ಲಿ ಖಂಡಿಸುತ್ತಿದ್ದ. ಅದೊಂದು ಹಳೆಯ ಕಾಲದ ಮೂಢ ಪದ್ಧತಿ, ಸೋತವನಿಗೆ ಸಮಾಧಾನ. ಖಂಡನೆ ಬಿಗಿಯಾಗಿತ್ತು. ತಟ್ಟೆಯಲ್ಲಿ ಅರ್ಧ ಹೋಳಿಗೆ ಹಾಗೇ ಉಳಿಯಿತು.

ಕೈತೊಳೆಯಲು ಹೋದವನು ಹಿತ್ತಲ ಬಾಗಿಲಿಂದ ಗಿರಣಿಯ ಅಂಗಳಕ್ಕೆ ಇಳಿದ. ಭಾನುವಾರ ಗಿರಣಿ ಬಂದ್ ಇತ್ತು. ಒಣಗಲು ಹಾಕಿದ ಭತ್ತದ ಅಂಚಿನಲ್ಲಿ ಶಿವಗಂಗಾ ನಿಂತಿದ್ದಳು. ಅವಳು ತರಬಹುದಾದ ದೂರುಗಳು ಅವನಿಗೆ ಗೊತ್ತಿದ್ದವು, ಉತ್ತರಗಳೂ ಸಿದ್ಧವಿದ್ದವು. ಅಂಗಳದಲ್ಲಿ ನಡೆದು ಹೋಗುವಾಗ ಅವುಗಳಲ್ಲಿ ಒಂದಕ್ಕೆ ಉತ್ತರ ಕೊಡಬಾರದು ಎಂದುಕೊಂಡ. ಲತೀಫಾಳ ವಿಷಯ ಎತ್ತಿದರೆ ತಪ್ಪಾಯಿತು ಎಂದುಬಿಡಬೇಕು. ಆ ಮಾತನ್ನು ತುಟಿಯ ತನಕ ತಂದಿಟ್ಟುಕೊಂಡ. ಎಷ್ಟೋ ಕಾಲದ ಮೇಲೆ ಅವನ ಎದೆ ಹಗುರಾಗಿತ್ತು.

ಅವಳು ತಿರುಗಿ ನೋಡಿ, "ಸಂಜಿ ಬಸ್ಸಿಗೆ ಹೋಗೋಣೇನ್ರಿ? ಬ್ಯಾಗ್ ತುಂಬೀನಿ," ಎಂದಳು.

ಅವನು ಭತ್ತದ ಈಚೆ ಬದಿಯಲ್ಲೇ ನಿಂತ.

"ನಿನಗ ಏನರ ಹೇಳೂದು ಇದ್ರ ಹೇಳು," ಎಂದ.

"ಏನಿಲ್ರಿ."

"ಬರಾಕ ಮನಸ್ಸದ ಏನು?"

"ನೀವು ಬಂದೀರಲ್ರಿ."

ಅವನು ತಾನೇ ಲತೀಫಾಳ ಹೆಸರೆತ್ತಿದ. ಆಕೆ ನಿನ್ನನ್ನು ಕೇಳುತ್ತಿರುತ್ತಾಳೆ, ಮೊದಲಿನ ಹಾಗೆ ಹೋಗಿ ಬಾ ಎಂದ. ಶಿವಗಂಗಾ ಕಾಲಿನಿಂದ ಭತ್ತದ ಅಂಚನ್ನು ಒಳಗೆ ತಳ್ಳಿದಳು. ಅಲ್ಲಿ ಮಾತಾಡೋದರಾಗ ಏನದರಿ ಎಂದು ಮೆಲ್ಲಗೆ ಹೇಳಿದಳು. ಅದು ಅವನದೇ ಮಾತು. ಅವಳು ಚುಚ್ಚಲು ಅಂದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳ ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ.

ಸಂಜೆ ಬಸ್‌ಸ್ಟ್ಯಾಂಡಿನ ತನಕ ಮಾವ ಬಂದರು. ಅಕ್ಕಿಯ ಚೀಲವನ್ನು ಸೀಟಿನ ಕೆಳಗಿಟ್ಟು, ಮಗಳ ತಲೆಯ ಮೇಲೆ ಕೈಯಿಟ್ಟು, ಅಳಿಯನಿಗೆ ಕೈಮುಗಿದು ಇಳಿದರು. ಕಂಡಕ್ಟರ್ ಅವಳ ಆಧಾರ್ ಕಾರ್ಡ್ ನೋಡಿ, ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ಅವಳು ಅದನ್ನು ಮಡಿಚಿ ಗಂಡನ ಕೈಗೆ ಕೊಟ್ಟಳು. ಬಂದ ಕೆಲಸ ಆಗಿತ್ತು. ಪಕ್ಕದಲ್ಲಿ ಹೆಂಡತಿ ಕೂತಿದ್ದಳು. ಖುಷಿಯಾಗಬೇಕಾದ ಜಾಗದಲ್ಲಿ ಏನೂ ಆಗುತ್ತಿರಲಿಲ್ಲ.

ಕಿಟಕಿ ತೆಗೆಯಲೇ ಎಂದು ಕೇಳಿದ. ನಿಮಗೆ ಹೇಗೆ ಬೇಕೋ ಹಾಗೆ ಎಂದಳು.

ಊರು ದಾಟಿದ ಮೇಲೆ ರಸ್ತೆಯ ಪಕ್ಕ ಕಾಲುವೆ ಕಂಡಿತು. ಅವನು ದೇವದುರ್ಗದವನು, ಅವನ ಕಡೆಯ ಕಾಲುವೆಗೆ ಕೃಷ್ಣೆಯ ನೀರು. ಇವಳ ಕಡೆಗೆ ತುಂಗಭದ್ರೆಯದು. ಮದುವೆಯ ಹೊಸದರಲ್ಲಿ ಯಾವ ನೀರಿನ ಅಕ್ಕಿ ರುಚಿ ಎಂದು ಅವಳು ಕೈ ಬೀಸಿ ಬೀಸಿ ವಾದಿಸುತ್ತಿದ್ದಳು. ಅವನಿಗೆ ಒಂದು ಉಪಾಯ ಹೊಳೆಯಿತು. ಬೇಕೆಂದೇ ತಪ್ಪು ನಡೆ ಇಟ್ಟು ನೋಡಬೇಕು.

"ಇದು ಕೃಷ್ಣಾ ಕಾಲುವಿ ಅಲ್ಲೇನು?"

ಶಿವಗಂಗಾ ಕಾಲುವೆಯ ಕಡೆ ನೋಡಿದಳು.

"ಹೌದ್ರಿ."

ಮರೆತಿದ್ದಾಳೆ, ಅಥವಾ ಕೇಳಿಸಿಕೊಂಡಿಲ್ಲ ಎಂದುಕೊಂಡ. ಆಮೇಲೆ ಯಂತ್ರ ಕೊಯ್ದುಹಾಕಿದ ಭತ್ತದ ಗದ್ದೆ ತೋರಿಸಿ, ಈ ಸಲ ಇಲ್ಲಿ ಜೋಳ ಚೆನ್ನಾಗಿ ಬಂದಿತ್ತೆಂದು ಕಾಣುತ್ತದೆ ಎಂದ. ಗಿರಣಿಯ ಮನೆಯಲ್ಲಿ ಹುಟ್ಟಿ ಬೆಳೆದವಳು ಆ ಕೂಳೆಯನ್ನು ನೋಡಿ ಹೌದೆಂದು ತಲೆಯಾಡಿಸಿದಳು. ನಮ್ಮ ಮದುವೆ ದೇವಸುಗೂರಿನಲ್ಲಿ ಆಯಿತಲ್ಲ ಎಂದ. ಮದುವೆ ಮಾನ್ವಿಯಲ್ಲೇ ಆಗಿತ್ತು, ಅವಳಪ್ಪನ ಅಂಗಳದಲ್ಲಿ. ಅದಕ್ಕೂ ಹೌದೆಂದಳು. ಅಣಕವಿಲ್ಲ, ಹಟವಿಲ್ಲ. ಶ್ರದ್ಧೆಯಿಂದ ಕೇಳಿಸಿಕೊಂಡು ಒಪ್ಪುತ್ತಿದ್ದಳು. ಅಲ್ಲ ಎನ್ನು, ಒಮ್ಮೆ ಅಲ್ಲ ಎನ್ನು ಎಂದು ಅವಳ ತೋಳು ಹಿಡಿದು ಬೇಡಿಕೊಳ್ಳಬೇಕೆನಿಸಿತು. ಬೇಡಿಕೊಂಡರೆ ಅದಕ್ಕೂ ಹೌದ್ರಿ ಎನ್ನುವಳು.

ಕತ್ತಲಾಗುತ್ತ ಬಂತು. ಅವನಿಗೆ ಉಳಿದದ್ದು ಒಂದೇ.

"ಈ ಬಸ್ಸು ಮಾನ್ವಿಗೇ ಹೋಗ್ತದಲ್ಲ?"

ಅವಳು ಮುಂದಿನ ಗಾಜಿನ ಕಡೆ ನೋಡಿದಳು, ಆಮೇಲೆ ಅವನ ಕಡೆ.

"ಹೌದ್ರಿ," ಎಂದಳು.

ಅವಳ ಮುಖ ಅಷ್ಟು ನಿಶ್ಚಿಂತವಾಗಿತ್ತು. ರಾಯಚೂರಿನ ಬಸ್ಸನ್ನೇ ಹತ್ತಿದ್ದೆವಲ್ಲ ಎಂದು ಚನ್ನವೀರ ಹೊರಗೆ ನೋಡಿದ. ಎರಡೂ ಕಡೆ ಕೊಯ್ದ ಗದ್ದೆಗಳು, ಒಂದರ ಹಾಗೆ ಇನ್ನೊಂದು. ಸೂರ್ಯ ಮುಳುಗಿ ಹೊತ್ತಾಗಿತ್ತು, ದಿಕ್ಕು ಹೇಳಲು ಆಕಾಶದಲ್ಲಿ ಏನೂ ಉಳಿದಿರಲಿಲ್ಲ. ಕಂಡಕ್ಟರ್ ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಎದುರಿನಿಂದ ಇನ್ನೊಂದು ಬಸ್ಸು ಬರುತ್ತಿತ್ತು. ಅದರ ಹಣೆಯ ಮೇಲಿನ ಊರಿನ ಹೆಸರು ಓದಲು ಅವನು ಸೀಟಿನ ಕಂಬಿ ಹಿಡಿದು ಅರ್ಧ ಎದ್ದು ನಿಂತ. ದೀಪದ ಬೆಳಕು ಕಣ್ಣಿಗೆ ಹೊಡೆಯಿತು. ಹೆಸರು ಕಾಣುವ ಮೊದಲೇ ಆ ಬಸ್ಸು ದಾಟಿಹೋಯಿತು.