ದೊಡ್ಡಮ್ಮನ ಇನ್ನೂರು ವಾಕ್ಯ

ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಹೆಡ್‌ಫೋನಿನಲ್ಲಿ ಗುಂಯ್ ಎನ್ನುವ ಸದ್ದು ಬಂತು. ಸಂಜೆ ನಾಲ್ಕಕ್ಕೆ ದೊಡ್ಡಮ್ಮ ಆಸ್ಪತ್ರೆ ಸೇರಬೇಕಿತ್ತು. ಮರುದಿನ ಬೆಳಿಗ್ಗೆ ಅವಳ ಗಂಟಲಿನಿಂದ ಧ್ವನಿಪೆಟ್ಟಿಗೆಯನ್ನು ತೆಗೆಯುವವರಿದ್ದರು.

ಹೆಡ್‌ಫೋನ್ ಹಾಕಿಕೊಂಡಿದ್ದವಳು ದೊಡ್ಡಮ್ಮನ ತಂಗಿಯ ಮಗಳು, ದೊಡ್ಡಮ್ಮನಿಗೂ ಮಗಳೇ. ಮನೆಯ ಹಿಂದಿನ ಕೋಣೆಯಲ್ಲಿ ಪುಟ್ಟ ಸ್ಟುಡಿಯೊ ಮಾಡಿಕೊಂಡು ಜಾಹೀರಾತು, ಮಕ್ಕಳ ಕಥೆ ರೆಕಾರ್ಡ್ ಮಾಡಿಕೊಡುವುದು ಅವಳ ಕಸುಬು. ಆಸ್ಪತ್ರೆ ಹತ್ತಿರವೆಂದು ದೊಡ್ಡಮ್ಮ, ದೊಡ್ಡಪ್ಪ ಎರಡು ದಿನದಿಂದ ಅವಳ ಮನೆಯಲ್ಲೇ ಇದ್ದರು.

ದೊಡ್ಡಮ್ಮ ಬಸ್ ನಿಲ್ದಾಣದ ಮೈಕಿನಲ್ಲಿ ಇಪ್ಪತ್ತೇಳು ವರ್ಷ ಬಸ್ಸುಗಳ ಹೊತ್ತು ಹೇಳಿದವಳು. ಆ ದನಿ ಈಗ ಒಡಕು ಮಡಕೆಯಾಗಿತ್ತು. ಆದರೂ ಅವಳದೇ ದನಿ. ಇನ್ನೂರು ವಾಕ್ಯ ಓದಿ ಕಳಿಸಿದರೆ, ಮುಂದೆ ಅವಳು ಬರೆದದ್ದನ್ನು ಫೋನು ಅದೇ ದನಿಯಲ್ಲಿ ಆಡುವಂತೆ ಮಾಡಿಕೊಡುವ ಸಂಸ್ಥೆಯೊಂದಿತ್ತು. ಅದರ ಒಪ್ಪಿಗೆ ಬಂದದ್ದೇ ಹಿಂದಿನ ದಿನ. ಷರತ್ತು ಎರಡು: ಇನ್ನೂರಕ್ಕೆ ಒಂದೂ ಕಡಿಮೆಯಾಗಬಾರದು, ಹಿನ್ನೆಲೆಯಲ್ಲಿ ಸದ್ದು ಇರಬಾರದು. ಫೋನಿನ ಮೈಕು ನಡೆಯದೆಂದು ಮೊದಲೇ ಹೇಳಿದ್ದರು.

ಮೊದಲ ವಾಕ್ಯಕ್ಕೇ ಲ್ಯಾಪ್‌ಟಾಪಿನ ಪರದೆಯಲ್ಲಿ ಕೆಂಪಕ್ಷರ ಮೂಡಿತು: ಹಿನ್ನೆಲೆ ಸದ್ದು ಹೆಚ್ಚಿದೆ, ಮತ್ತೆ ಓದಿ.

"ನಾನು ಓದಿದ್ದು ಸರಿ ಇಲ್ವೇನೇ?" ಎಂದಳು ದೊಡ್ಡಮ್ಮ.

"ನಿಂದೇನೂ ತಪ್ಪಿಲ್ಲ. ಒಳಗೆ ಯಾವುದೋ ದುಂಬಿ ಹೊಕ್ಕಿದೆ."

ಹಿಂದಿನ ದಿನ ಮಧ್ಯಾಹ್ನ ಪರೀಕ್ಷೆಗೆಂದು ಎರಡು ವಾಕ್ಯ ಓದಿಸಿದಾಗ ಈ ದುಂಬಿ ಇರಲಿಲ್ಲ. ಬಾಗಿಲ ಬಳಿ ಕುರ್ಚಿ ಹಾಕಿ ಕೂತಿದ್ದ ದೊಡ್ಡಪ್ಪನ ಕಡೆ ಮಗಳು ತಿರುಗಿದಳು. ಅವರು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾದವರು.

"ದೊಡ್ಡಪ್ಪಾ, ಇಲ್ಲಿ ಯಾವುದಾದ್ರೂ ಹೊಸ ವೈರ್ ಎಳೆದ್ರಾ?"

"ವೈರಾ? ಇಲ್ಲಮ್ಮ."

ದೊಡ್ಡಪ್ಪ ಸುಳ್ಳು ಹೇಳುವವರಲ್ಲ. ಅವಳು ಆ ಅನುಮಾನವನ್ನು ಅಲ್ಲಿಗೇ ಬಿಟ್ಟಳು.

ಮೈಕಿನ ಕೇಬಲ್ ಬದಲಿಸಿದಳು, ಗುಂಯ್ ಹೋಗಲಿಲ್ಲ. ಮೈಕನ್ನೇ ಕಿತ್ತಳು, ಹೋಗಲಿಲ್ಲ. ಫ್ರಿಜ್, ಫ್ಯಾನ್, ಟ್ಯೂಬ್‌ಲೈಟ್ ಒಂದೊಂದಾಗಿ ಆರಿಸಿದಳು. ಕೋಣೆ ಕತ್ತಲಾಯಿತು, ಬೆವರು ಕಿತ್ತುಕೊಂಡು ಬಂತು, ಸದ್ದು ಮಾತ್ರ ಪಟ್ಟು ಹಿಡಿದು ಕೂತಿತ್ತು. ಗಂಟೆ ಹನ್ನೊಂದೂವರೆ. ವಾಕ್ಯಕ್ಕೆ ಮುಕ್ಕಾಲು ನಿಮಿಷ ಹಿಡಿದರೂ ಎರಡೂವರೆ ಗಂಟೆ ಬೇಕು. ಮೂರೂವರೆಗೆ ಟ್ಯಾಕ್ಸಿ.

ಕೊನೆಗೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಳು. ಗುಂಯ್ ಸತ್ತುಹೋಯಿತು.

"ಓದು ದೊಡ್ಡಮ್ಮ, ಓದು, ಬೇಗ!"

ಏಳು ವಾಕ್ಯ ಒಪ್ಪಿಗೆಯಾಗಿ ಪರದೆಯಲ್ಲಿ ಹಸಿರಾದವು. ಎಂಟನೆಯದರ ನಡುವೆ ಹಳೇ ಬ್ಯಾಟರಿ ಕಣ್ಣು ಮುಚ್ಚಿತು. ಅದರ ಆಯಸ್ಸೇ ಹತ್ತು ನಿಮಿಷ. ಚಾರ್ಜರ್ ಚುಚ್ಚಿದರೆ ಗುಂಯ್, ತೆಗೆದರೆ ಲ್ಯಾಪ್‌ಟಾಪೇ ಇಲ್ಲ.

ಅವಳು ಡ್ರಾಯರಿನಿಂದ ಕರೀ ಟೇಪು ತೆಗೆದು ಚಾರ್ಜರಿನ ದಪ್ಪ ಪಿನ್ನಿಗೆ ಸುತ್ತತೊಡಗಿದಳು. ಇಂಟರ್ನೆಟ್ಟಿನಲ್ಲಿ ನೂರು ಜನ ಬರೆದ ಉಪಾಯವದು. ದೊಡ್ಡಪ್ಪ ಎದ್ದು ಬಂದು ಅವಳ ಮಣಿಕಟ್ಟು ಹಿಡಿದರು.

"ಅರ್ತ್ ಪಿನ್ ಮುಚ್ತೀಯಾ? ಸೋರಿದ ಕರೆಂಟು ನೆಲಕ್ಕೆ ಇಳಿಯೋ ದಾರಿ ಅದು."

"ಮೂರೇ ಗಂಟೆ, ದೊಡ್ಡಪ್ಪಾ."

"ಸಾಯೋಕೆ ಮೂರು ಗಂಟೆ ಬೇಕಾಗಿಲ್ಲ. ಅವಳು ಆ ಮೈಕಿಗೆ ತುಟಿ ಹತ್ತಿಸಿ ಕೂತಿರ್ತಾಳೆ. ಹಿಂಗೆ ಬುದ್ಧಿವಂತಿಕೆ ಮಾಡಿದ ಒಬ್ಬನ ಹೆಣಾನ ನಾನೇ ಎತ್ತಿದ್ದೀನಿ."

"ಹಂಗಾದ್ರೆ ನೀವೇ ದಾರಿ ಹೇಳಿ! ಇವತ್ತು ಬಿಟ್ರೆ ನಾಳೆ ಇಲ್ಲ, ಗೊತ್ತಲ್ವಾ ನಿಮಗೆ?"

ದೊಡ್ಡಮ್ಮ ಬಿಸಿನೀರು ಗುಟುಕರಿಸಿ ಲೋಟ ಕೆಳಗಿಟ್ಟಳು.

"ಜಗಳ ಆಡೋರು ಹೊರಗೆ ಹೋಗಿ ಆಡಿ. ನನಗೆ ಉಳಿದಿರೋ ಚೂರು ದನಿ ನಿಮ್ಮನ್ನ ಬಿಡಿಸೋಕೇ ಮುಗಿಯೋ ಹಾಗಿದೆ. ಮತ್ತೆ ನೀನು ಅವರ ಹತ್ರ ವಾದ ಮಾಡ್ಬೇಡ ಕಣೇ. ಮೂವತ್ತೆಂಟು ವರ್ಷದಲ್ಲಿ ಆ ಮನುಷ್ಯನಿಗೆ ಅರ್ತ್ ಬಿಟ್ರೆ ಬೇರೇನೂ ಅರ್ಥ ಆಗಿಲ್ಲ."

ಮಗಳು ಟೇಪು ಬಿಚ್ಚಿ ನೆಲದ ಮೇಲೆ ಕೂತಳು. ಈ ಬಗೆಯ ಗುಂಯ್ ಒಂದು ಸುತ್ತು. ಉಪಕರಣದಿಂದ ನೆಲಕ್ಕೆ ಒಂದೇ ದಾರಿಯಿದ್ದರೆ ತೊಂದರೆಯಿಲ್ಲ. ಎರಡಿದ್ದರೆ ಸಣ್ಣ ಕರೆಂಟು ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬಂದು ಸುತ್ತು ಹಾಕುತ್ತದೆ. ಚಾರ್ಜರಿನ ಪಿನ್ನು ಒಂದು ದಾರಿ. ಇನ್ನೊಂದು ಎಲ್ಲಿ?

ಟಾರ್ಚು ಹಿಡಿದು ಮೇಜಿನ ಹಿಂದೆ ತಲೆ ತೂರಿಸಿದಳು. ಮೈಕಿನ ಕೇಬಲ್ ಬಂದು ಸೇರುವ, ಲ್ಯಾಪ್‌ಟಾಪಿಗೆ ಜೋಡಿಸಿದ್ದ ರೆಕಾರ್ಡಿಂಗ್ ಡಬ್ಬಿಯ ತಗಡಿನ ಬೆನ್ನಿಗೆ, ಸ್ಕ್ರೂ ಕೆಳಗೆ, ಒಂದು ಹಸಿರು ತಂತಿ. ಅದು ಗೋಡೆಯ ಬುಡದಲ್ಲೇ ಸಾಗಿತ್ತು. ಗೇಣಿಗೊಂದು ಕ್ಲಿಪ್ಪು, ಗೆರೆ ಎಳೆದ ಹಾಗೆ ನೇರ. ಬಾಗಿಲ ಸಂದಿಯಲ್ಲಿ ನುಸುಳಿ ಬಚ್ಚಲಿನ ಕಬ್ಬಿಣದ ಕೊಳವೆಗೆ ಬಿಗಿದಿತ್ತು.

"ದೊಡ್ಡಪ್ಪಾ, ಇದೇನು?"

"ಅರ್ತ್."

"ವೈರ್ ಎಳೆದಿಲ್ಲ ಅಂದ್ರಲ್ಲ!"

"ವೈರ್ ಅಂದ್ರೆ ಕರೆಂಟ್ ಹರಿಯೋದು. ಇದು ಅರ್ತ್ ಕಣಮ್ಮ. ನಿನ್ನೆ ಸಂಜೆ ನೀನು ಔಷಧಿ ತರೋಕೆ ಹೋದಾಗ ಹಾಕಿದೆ. ಒಂದಕ್ಕೆ ಎರಡಿರಲಿ ಅಂತ." ಅವರಿಗೆ ಇನ್ನೂ ಏನೂ ಹೊಳೆದಿರಲಿಲ್ಲ. "ಅರ್ತ್ ಜಾಸ್ತಿ ಆದ್ರೆ ಯಾರಿಗೂ ಕೇಡಿಲ್ಲ."

"ಗುಂಯ್ ಅನ್ನೋದು ಇದೇ."

ದೊಡ್ಡಪ್ಪ ಬಗ್ಗಿ ತಂತಿಯ ಮೇಲೆ ಬೆರಳಾಡಿಸಿದರು. ಗಂಟೆ ಹನ್ನೆರಡು ಇಪ್ಪತ್ತು.

"ಕತ್ತರಿಸ್ಲಾ?" ಎಂದಳು ಮಗಳು.

"ತಡಿ."

ಚೀಲದಿಂದ ಮೀಟರ್ ತಂದರು. ಮೇನ್ ಸ್ವಿಚ್ ಆರಿಸಿದರು, ಹಸಿರು ತಂತಿಯನ್ನು ಡಬ್ಬಿಯಿಂದ ಬಿಚ್ಚಿದರು. ಮೀಟರಿನ ಒಂದು ಕಡ್ಡಿಯನ್ನು ಡಬ್ಬಿಯ ಮೈಗೆ, ಇನ್ನೊಂದನ್ನು ಗೋಡೆಯ ಸಾಕೆಟ್ಟಿನ ಅರ್ತ್ ತೂತಿಗೆ ಹಿಡಿದು ಅಂಕಿ ನೋಡಿದರು. ನಂಬಿಕೆ ಸಾಲದೆ ಮತ್ತೊಮ್ಮೆ ಹಿಡಿದರು. ಎರಡು ನಿಮಿಷ, ಮೂರು ನಿಮಿಷ. ಮಗಳು ಉಗುರು ಕಚ್ಚುತ್ತಿದ್ದಳು.

"ಚಾರ್ಜರಿಂದಲೇ ಅರ್ತ್ ಸರಿಯಾಗಿ ಸಿಕ್ತಿದೆ. ಇದೊಂದೇ ಸಾಕು," ಎಂದು ಮೇನ್ ಸ್ವಿಚ್ ಹಾಕಿ ಬಂದು, ಮಂಡಿಯೂರಿ ಕ್ಲಿಪ್ಪುಗಳನ್ನು ಒಂದೊಂದಾಗಿ ಕೀಳತೊಡಗಿದರು.

"ಅದೆಲ್ಲ ಆಮೇಲೆ ಕೀಳಿ ದೊಡ್ಡಪ್ಪಾ, ಹೊತ್ತಾಗ್ತಿದೆ!"

"ಡಾಕ್ಟರ ಕೆಲಸ ನನಗೆ ಬರಲ್ಲ," ಎಂದರು ಅವರು ನೆಲ ನೋಡುತ್ತಲೇ. "ಬರೋದು ಇದೊಂದೇ. ಅದಕ್ಕೇ ಮಾಡಿದೆ."

ದೊಡ್ಡಮ್ಮ ಕುರ್ಚಿಯನ್ನು ಮೈಕಿನ ಮುಂದಕ್ಕೆ ಎಳೆದುಕೊಂಡಳು. "ಸರಿ, ಏಳಿ ಮೇಲೆ. ಬಸ್ಸು ಎರಡು ಗಂಟೆ ತಡವಾಗಿದೆ. ಇನ್ನಾದ್ರೂ ಬಿಡ್ತೀರಾ ಇಲ್ವಾ?"

ಹನ್ನೆರಡು ಮೂವತ್ತೈದಕ್ಕೆ ಎಂಟನೇ ವಾಕ್ಯ ಹಸಿರಾಯಿತು. ಎರಡು ಗಂಟೆಯ ಹೊತ್ತಿಗೆ ನೂರಹದಿನಾಲ್ಕು. ನೂರೈವತ್ತು ದಾಟಿದ ಮೇಲೆ ದನಿ ತಾಳ ತಪ್ಪಿತು; ಕೆಲವನ್ನು ಮೂರು ಮೂರು ಸಲ ಓದಬೇಕಾಯಿತು. ನೂರಾ ಎಂಬತ್ತೊಂದರಲ್ಲಿ ದನಿ ಪೂರಾ ನಿಂತುಹೋಗಿ, ಹತ್ತು ನಿಮಿಷ ಅವಳು ಬಿಸಿನೀರಿನ ಹಬೆಗೆ ಮುಖವೊಡ್ಡಿ ಕೂತಳು. ಮೂರು ಇಪ್ಪತ್ತೆಂಟಕ್ಕೆ ಹೊರಗೆ ಟ್ಯಾಕ್ಸಿಯವನು ಹಾರ್ನ್ ಹೊಡೆದ. ಅದು ನೂರಾ ತೊಂಬತ್ತೇಳನೇ ವಾಕ್ಯದೊಳಗೆ ಸೇರಿತು. ಕೆಂಪಕ್ಷರ. ದೊಡ್ಡಪ್ಪ ಬರಿಗಾಲಲ್ಲಿ ಬೀದಿಗೆ ಓಡಿದರು.

ಇನ್ನೂರನೆಯದು ಹಸಿರಾದಾಗ ಮೂರು ನಲವತ್ತೊಂದು. ಆಸ್ಪತ್ರೆಗೆ ಹದಿನೈದು ನಿಮಿಷ ತಡವಾಗಿ ಸೇರಿದರು. ಮರುದಿನ ಶಸ್ತ್ರಚಿಕಿತ್ಸೆ ಆರು ಗಂಟೆ ಹಿಡಿಯಿತು.

ಹನ್ನೆರಡನೇ ದಿನ ಸಂಸ್ಥೆಯಿಂದ ದನಿ ಬಂತು. ದೊಡ್ಡಮ್ಮ ಹಾಸಿಗೆಯಲ್ಲಿ ಕೂತು, ಕಿಟಕಿಯ ಹತ್ತಿರ ನಿಂತಿದ್ದ ಗಂಡನಿಗೆ ಫೋನಿನಲ್ಲಿ ಬರೆದು ಆಡಿಸಿದಳು: "ಪರದೆ ಎಳೀರಿ, ಬಿಸಿಲು ಕಣ್ಣಿಗೆ ಹೊಡೀತಿದೆ."

ಅವರು ಪರದೆ ಎಳೆದರು.